ತೆಗೆದಿಡು ಅಂದಿದ್ದ ಫೋಟೋಗಳು

ತಲೆಯಲ್ಲಿ ಒಂದೇ ಒಂದು ಕೂದಲಿಲ್ಲದವನು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಓಡಾಡಿದರೆ ಜನ ನಗದೆ ಇರುತ್ತಾರೆಯೇ? ಆ ಐದು ಮಹಡಿಯ ಕಟ್ಟಡದವರೂ ನಗುತ್ತಿದ್ದರು. ಮಕ್ಕಳು ಎದುರಿಗೇ ನಗುತ್ತಿದ್ದರು, ದೊಡ್ಡವರು ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ. "ಮಾವ, ಯಾವ ಕಡೆಗೆ ಬೈತಲೆ ತೆಗೀತೀರಿ?" ಅಂತ ಎರಡನೇ ಮಹಡಿಯ ಟೀಚರಮ್ಮ ಕೇಳಿದರೆ, "ನನಗಲ್ಲ ತಾಯಿ, ಕಟ್ಟಡಾನೇ ಬೈತಲೆ ತೆಗೆದುಕೊಳ್ತಿದೆ, ನಾನು ಅಳತೆ ನೋಡ್ತೀನಿ ಅಷ್ಟೆ" ಅನ್ನುತ್ತಿದ್ದ. ಟೀಚರಮ್ಮ ಅದನ್ನೂ ತಮಾಷೆ ಅಂದುಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಫೋಟೋ ಮಾವ ಅಂತ. ಕಟ್ಟಡ ನೋಡಿಕೊಳ್ಳುವುದು ಅವನ ಕೆಲಸ. ನೀರಿನ ಪಂಪು ಹಾಕಬೇಕು, ಮೀಟರು ಓದಬೇಕು, ಸುಟ್ಟ ಬಲ್ಬು ಬದಲಿಸಬೇಕು, ಗೇಟಿನ ಕೀಲಿ ಕಾಯಬೇಕು. ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕದ ಒಂದೂವರೆ ಕೋಣೆಯಲ್ಲಿ ಹೆಂಡತಿ ಮತ್ತು ಮಗಳ ಜೊತೆ ಇದ್ದ. ಅವನು ಮಾಡಿದ ಕೆಲಸಕ್ಕೆಲ್ಲ ಒಂದೊಂದು ಫೋಟೋ ಇರುತ್ತಿತ್ತು. ಮೀಟರು ಓದಿದರೆ ಫೋಟೋ, ಟ್ಯಾಂಕು ತುಂಬಿದರೆ ಫೋಟೋ, ಕಾರು ಗೀಚಿಸಿಕೊಂಡು ಒಳಗೆ ಬಂದರೆ ಗೇಟಿನಲ್ಲೇ ಫೋಟೋ.

ಈ ಚಾಳಿ ಸುಮ್ಮನೆ ಹತ್ತಿದ್ದಲ್ಲ. ಇಲ್ಲಿಗೆ ಬರುವ ಮೊದಲು ಅವನು ಹತ್ತೊಂಬತ್ತು ವರ್ಷ ಒಂದು ಗೋದಾಮಿನಲ್ಲಿ ಸರಕು ಇಳಿಸಿಕೊಳ್ಳುವ ಗುಮಾಸ್ತನಾಗಿದ್ದ. ಒಂದು ದಿನ ಲಾರಿಯಲ್ಲಿ ಬಂದ ಪೆಟ್ಟಿಗೆಗಳು ಬರುವಾಗಲೇ ನೆನೆದಿದ್ದವು. ಇವನು ಕಣ್ಣಾರೆ ಕಂಡ, ಬಾಯಲ್ಲೂ ಹೇಳಿದ, ಆಮೇಲೆ ಕೆಲಸದ ಗಡಿಬಿಡಿಯಲ್ಲಿ 'ಸರಿಯಾಗಿ ಮುಟ್ಟಿದೆ' ಅಂತ ಬರೆದಿದ್ದ ಕಾಗದಕ್ಕೆ ರುಜು ಹಾಕಿಬಿಟ್ಟ. ವಾರ ಕಳೆದ ಮೇಲೆ, ಗೋದಾಮಿನಲ್ಲೇ ನೆನೆಯಿತು, ನಿನ್ನ ಅಜಾಗರೂಕತೆ ಅಂದರು. "ನಾನು ನೋಡಿದೀನಿ ಸಾರ್" ಅಂದ. "ನೀನು ನೋಡಿದ್ದನ್ನ ನಾವು ಹೇಗಯ್ಯಾ ನೋಡೋದು?" ಅಂದರು. ಕೆಲಸ ಹೋಯಿತು. ಆ ಮಾತು ಮಾತ್ರ ಹೋಗಲಿಲ್ಲ, ಅವನ ಕಿವಿಯಲ್ಲೇ ಮನೆ ಮಾಡಿತು.

ಮಗಳು ತನ್ನ ಹಳೇ ಫೋನು ಕೊಟ್ಟ ದಿನದಿಂದ ಅವನು ತಾನು ನೋಡಿದ್ದನ್ನೆಲ್ಲ ಇನ್ನೊಬ್ಬರು ನೋಡುವಂತೆ ಮಾಡತೊಡಗಿದ. ಹಳೇ ಫೋನಿನ ಹೊಟ್ಟೆ ಎಷ್ಟು ದೊಡ್ಡದಿರುತ್ತದೆ? ಎರಡು ವರ್ಷದಲ್ಲಿ ಗಂಟಲವರೆಗೆ ತುಂಬಿತು. ಒಂದು ತೆಗೆಯಬೇಕಾದರೆ ಒಂದು ಅಳಿಸಬೇಕು ಅನ್ನುವ ಹಂತಕ್ಕೆ ಬಂತು. ಮೊದಲು ನೆಂಟರು ಕಳಿಸಿದ ಹೂವಿನ ಚಿತ್ರಗಳು ಹೋದವು, ಆಮೇಲೆ ಅವನ ಮುಖದ್ದೇ ನಾಲ್ಕು ಹೋದವು, ಕಡೆಗೆ ಹೆಂಡತಿಯದೂ ಹೋಯಿತು.

"ಏನ್ರೀ, ನನ್ನ ಫೋಟೋನೂ ತೆಗೆದುಹಾಕಿದ್ರಂತೆ?"

"ನಿನ್ನ ದಿನಾ ನೋಡ್ತೀನಲ್ಲೇ."

"ನೀರಿನ ಮೀಟರ್‌ನೂ ದಿನಾ ನೋಡ್ತೀರಿ. ಅದರದ್ದು ಮುನ್ನೂರು ಇಟ್ಕೊಂಡಿದೀರಿ."

ಎಷ್ಟೇ ಜಾಗ ಸಾಲದೆ ಬಂದರೂ ಮಾವ ಒಂದು ಗಂಟಿಗೆ ಮಾತ್ರ ಕೈ ಹಾಕಿರಲಿಲ್ಲ. ಅದು ಕಂಬದ ಫೋಟೋಗಳ ಗಂಟು.

ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ನೆಲಮಾಳಿಗೆ ಇತ್ತು. ಅಲ್ಲಿ ಹನ್ನೆರಡು ಕಂಬ, ಒಂದೊಂದಕ್ಕೂ ಹಳದಿ ಬಣ್ಣದಲ್ಲಿ ಬರೆದ ನಂಬರು. ನಾಲ್ಕನೇ ಕಂಬದಲ್ಲಿ, ಎದೆಯ ಎತ್ತರಕ್ಕೆ, ಎರಡೂವರೆ ವರ್ಷದ ಹಿಂದೆ ಒಂದು ಬಿರುಕು ಕಾಣಿಸಿತು. ಕೂದಲೆಳೆಯಷ್ಟು. ಅಳತೆ ಗೊತ್ತಾಗಲಿ ಅಂತ ಮಾವ ಹೆಂಡತಿಯ ಬಾಚಣಿಗೆಯನ್ನು ಅದರ ಮೇಲೆ ಅಡ್ಡ ಹಿಡಿದು ಫೋಟೋ ತೆಗೆದ. ಆವತ್ತು ಬಿರುಕು ಬಾಚಣಿಗೆಯ ಒಂದು ಹಲ್ಲಿನಷ್ಟೂ ಇರಲಿಲ್ಲ. ಆಮೇಲೆ ಪ್ರತಿ ಸೋಮವಾರ ಬೆಳಗ್ಗೆ ಏಳಕ್ಕೆ, ಪಂಪು ಹಾಕುವ ಮೊದಲು, ಅದೇ ಬಾಚಣಿಗೆ, ಅದೇ ಎತ್ತರ, ಮೂರು ಫೋಟೋ. ಒಂದು ವಾರದ್ದಕ್ಕೂ ಮುಂದಿನ ವಾರದ್ದಕ್ಕೂ ಎಳ್ಳಷ್ಟು ವ್ಯತ್ಯಾಸ ಕಾಣದು. ವರ್ಷದ ಕೆಳಗಿನದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಬೆಳೆದದ್ದು ಕಾಣುತ್ತಿತ್ತು. ಈಗ ಅದು ನಾಲ್ಕು ಹಲ್ಲು ದಾಟಿತ್ತು.

ಮೇಲಿನ ಮನೆಗಳಲ್ಲೂ ಒಂದೊಂದು ನಡೆಯುತ್ತಿತ್ತು. ಟೀಚರಮ್ಮನ ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತಿತ್ತು. ಬಡಗಿಯನ್ನು ಕರೆಸಿ ಕೆತ್ತಿಸಿದರು. ನಾಲ್ಕು ತಿಂಗಳಿಗೆ ಮತ್ತೆ ಉಜ್ಜಿತು, ಮತ್ತೆ ಕೆತ್ತಿಸಿದರು. ಮೊದಲ ಮಹಡಿಯಲ್ಲಿ ನೆಲದ ಟೈಲೊಂದು ತಾನಾಗಿ ಎದ್ದು ನಿಂತಿತು. ಲಿಫ್ಟು ನೆಲಕ್ಕಿಂತ ಒಂದು ಬೆರಳು ಕೆಳಗೆ ನಿಲ್ಲುತ್ತಿತ್ತು. ಅವರವರು ಅವರವರ ಕೆಲಸದವನನ್ನು ಕರೆಸಿ ಸರಿಮಾಡಿಸಿಕೊಂಡು ಸುಮ್ಮನಾದರು. ಎಲ್ಲ ಮನೆಗೂ ಹೋಗಿ ಎಲ್ಲವನ್ನೂ ಕಂಡವನು ಮಾವ ಒಬ್ಬನೇ.

ಕಟ್ಟಡದ ಸಂಘಕ್ಕೆ ಒಬ್ಬ ಸೆಕ್ರೆಟರಿ ಇದ್ದರು. ನಾಲ್ಕನೇ ಮಹಡಿ, ಕೆಲಸದಿಂದ ನಿವೃತ್ತರಾದ ಅಧಿಕಾರಿ. ಕೆಟ್ಟ ಮನುಷ್ಯರಲ್ಲ. ಮನೆಯವರೆಲ್ಲ ಕೂಡಿದ್ದ ಸಭೆಯಲ್ಲಿ ಮಾವ ಎದ್ದು ನಿಂತು ಕಂಬದ ಮಾತೆತ್ತಿದಾಗ ಅವರು ನಕ್ಕರು.

"ಗಾರೆ ಒಣಗಿದರೆ ಗೆರೆ ಬೀಳುತ್ತೆ ಕಣಯ್ಯಾ. ನನ್ನ ಹಣೆ ಮೇಲೂ ಇದೆ, ಅದಕ್ಕೂ ಬಾಚಣಿಗೆ ಹಿಡೀತೀಯಾ?"

ಸಭೆ ನಕ್ಕಿತು. ಮಾವ ಕೂರಲಿಲ್ಲ. "ಗೆರೆ ಬೆಳೀತಿದೆ ಸಾರ್. ಎರಡೂವರೆ ವರ್ಷದ್ದು ನನ್ನ ಹತ್ತಿರ ಇದೆ. ತಿಳಿದವರೊಬ್ಬರನ್ನ ಕರೆಸಿ. ಗಾರೆ ಅಂತ ಅವರು ಅಂದರೆ ನಾನು ಇನ್ನೊಂದು ಸಲ ಬಾಯಿ ಬಿಡಲ್ಲ."

ಸೆಕ್ರೆಟರಿಗೆ ಅವನ ಬಾಯಿ ಮುಚ್ಚಿಸುವ ದಾರಿ ಅದೇ ಅನ್ನಿಸಿರಬೇಕು. ಶುಕ್ರವಾರ ಇಂಜಿನಿಯರ್ ಬರುತ್ತಾರೆ ಅಂದರು.

ಫೋನಿನ ಸಣ್ಣ ಪರದೆಯಲ್ಲಿ ತೋರಿಸಿದರೆ ಇಂಜಿನಿಯರಿಗೆ ಏನು ಕಂಡೀತು? ಸಂಘದ ಆಫೀಸಿನ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸುವುದು ಅಂತ ಅಪ್ಪ ಮಗಳು ಮಾತಾಡಿಕೊಂಡರು. ಮಗಳು ಆ ಆಫೀಸಿನಲ್ಲೇ ನೋಟೀಸು ಟೈಪು ಮಾಡುವ, ದೂರು ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದಳು. ಮಂಗಳವಾರ ಅವಳು ಫೋನಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಸಾಗಿಸಿದಳು, ಫೋನು ಖಾಲಿಯಾಯಿತು. ಬುಧವಾರ ನೋಡಿದರೆ ಕಂಪ್ಯೂಟರೇ ತುಂಬಿ ಉಸಿರುಗಟ್ಟಿತ್ತು, ನೋಟೀಸು ಕೂಡ ತೆರೆಯದು. ಅವಳು ಅಪ್ಪನ ಫೋಟೋಗಳನ್ನು ಗಂಟು ಗಂಟಾಗಿ ವಿಂಗಡಿಸಿ ಅವನಿಗೆ ಫೋನು ಮಾಡಿದಳು. ಅಪ್ಪ ಆಗ ನೆಲಮಾಳಿಗೆಯಲ್ಲಿ ಪಂಪಿನ ಪಕ್ಕ ಇದ್ದ.

"ಅಪ್ಪಾ, ಜಾಗ ಇಲ್ಲ. ಹಳೇ ಮೀಟರಿಂದು ಏನು ಮಾಡ್ಲಿ?"

"ತೆಗೆದ್ಬಿಡು."

"ಟ್ಯಾಂಕಿಂದು?"

"ಅದನ್ನೂ ತೆಗೆದ್ಬಿಡು."

"ಕಂಬದ್ದು?"

"ತೆಗೆದಿಡು."

ಪಂಪು ಗುರ್ರನ್ನುತ್ತಿತ್ತು. ನೆಲಮಾಳಿಗೆಯಲ್ಲಿ ಫೋನಿನ ದನಿ ಅರ್ಧ ಬಂದರೆ ಅರ್ಧ ಇಲ್ಲ. ಎರಡು ಸಲ 'ತೆಗೆದ್ಬಿಡು' ಕೇಳಿದ ಕಿವಿ ಮೂರನೇ ಸಲವೂ ಅದನ್ನೇ ಕೇಳಿತು. ಒಂದೇ ಮಾತು, ಒಂದು ಅಕ್ಷರದ ಹೆಚ್ಚುಕಡಿಮೆ. ಅಪ್ಪ ಜೋಪಾನ ಮಾಡು ಅಂದಿದ್ದ, ಮಗಳಿಗೆ ಬಿಸಾಡು ಅಂತ ಕೇಳಿಸಿತು. ಇಂಜಿನಿಯರಿಗೆ ತೋರಿಸಬೇಕಾದ್ದನ್ನು ಅಪ್ಪ ಆಗಲೇ ಬೇರೆ ಕಡೆ ಇಟ್ಟುಕೊಂಡಿರಬೇಕು ಅಂದುಕೊಂಡಳು. ಅಳಿಸಿದಳು. ಅಳಿಸಿದರೂ ಜಾಗ ಬರಲಿಲ್ಲ ಅಂತ ಕಸದ ಬುಟ್ಟಿಯನ್ನೂ ಬರಿದು ಮಾಡಿದಳು.

ಅಷ್ಟರಲ್ಲಿ ಸೆಕ್ರೆಟರಿ ಬಂದರು. "ಜಾಗ ಆಯ್ತಾ? ಒಳ್ಳೇದಾಯ್ತು ಬಿಡಮ್ಮ." ತಮ್ಮ ನಿವೃತ್ತಿ ಸಮಾರಂಭದ ವಿಡಿಯೋ, ಮೂರೂವರೆ ಗಂಟೆಯದು, ಎಲ್ಲಿಡುವುದು ಅಂತ ತಿಂಗಳಿಂದ ಒದ್ದಾಡುತ್ತಿದ್ದರು. ಆವತ್ತೇ ಮಧ್ಯಾಹ್ನ ತಂದು ತುಂಬಿಸಿದರು.

ಸಂಜೆ ಮಾವ ಕೈಕಾಲು ತೊಳೆದು ಬಂದು ಕುರ್ಚಿ ಎಳೆದುಕೊಂಡು ಕೂತ. "ಎಲ್ಲಿ, ಕಂಬದ್ದು ತೋರ್ಸು. ತಾರೀಖಿನ ಪ್ರಕಾರ ಜೋಡಿಸೋಣ."

ಮಗಳು ಅಪ್ಪನ ಮುಖ ನೋಡಿದಳು. "ತೆಗೆದ್ಬಿಡು ಅಂದೆಯಲ್ಲಪ್ಪಾ."

"ತೆಗೆದಿಡು ಅಂದೆ."

ಗೋಡೆಯೊಳಗೆ ಎಲ್ಲೋ ಚಿಟ್ ಅಂತು. ದಿನಾ ಕೇಳುವ ಸದ್ದೇ, ಆವತ್ತು ಮಾತ್ರ ಇಬ್ಬರೂ ತಲೆ ಎತ್ತಿ ನೋಡಿದರು.

ಮರುದಿನ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದರು. ರಿಪೇರಿಯವನು ಇಡೀ ದಿನ ತಡಕಾಡಿದ. "ಅಳಿಸಿದ್ದು ಅಲ್ಲೇ ಇರುತ್ತೆ ಅಣ್ಣ, ಅದರ ಮೇಲೆ ಬೇರೆ ಏನೂ ಬೀಳದೇ ಇದ್ದರೆ. ಇಲ್ಲಿ ಯಾರೋ ಆನೆಯಷ್ಟು ದೊಡ್ಡದನ್ನ ತಂದು ಕೂರಿಸಿದಾರೆ." ನಾನೂರಕ್ಕೆ ಮೂರು ಸಿಕ್ಕವು. ಮೂರರಲ್ಲೂ ಮೇಲರ್ಧದಲ್ಲಿ ಬಾಚಣಿಗೆಯ ಬೆನ್ನು, ಕೆಳಗರ್ಧ ಬೂದಿಬಣ್ಣ. ಬಿರುಕು ಇರಬೇಕಾದ ಜಾಗದಲ್ಲೇ ಚಿತ್ರ ಮುಗಿದಿತ್ತು.

ಮಗಳು ಆ ರಾತ್ರಿ ತಟ್ಟೆ ಮುಟ್ಟಲಿಲ್ಲ. "ನಾನು ಸ್ಪಷ್ಟವಾಗಿ ಹೇಳ್ಬೇಕಿತ್ತು, ಉಣ್ಣು" ಅಂದ ಮಾವ. ಅವಳು ಅತ್ತಿದ್ದರೆ ಚೆನ್ನಾಗಿತ್ತು. ಅಳಲೂ ಇಲ್ಲ.

ಶುಕ್ರವಾರ ಇಂಜಿನಿಯರ್ ಬಂದರು. ವಯಸ್ಸಾದವರು, ನಿಧಾನದವರು. ಟಾರ್ಚು ಬಿಟ್ಟು ನಾಲ್ಕನೇ ಕಂಬ ನೋಡಿದರು, ಬೆರಳಿನಿಂದ ತಟ್ಟಿ ಕಿವಿಗೊಟ್ಟರು.

"ಬಿರುಕಲ್ಲಿ ಎರಡು ಜಾತಿ" ಅಂದರು. "ಒಂದು ಸತ್ತದ್ದು. ಯಾವಾಗಲೋ ಬಿಟ್ಟು ಅಲ್ಲೇ ನಿಂತಿರುತ್ತೆ, ಭಯ ಇಲ್ಲ. ಇನ್ನೊಂದು ಬದುಕಿರೋದು. ಇದು ಯಾವುದು?"

"ಬದುಕಿದೆ ಸಾರ್."

"ಹೇಗೆ ಹೇಳ್ತೀಯ?"

"ಎರಡೂವರೆ ವರ್ಷದಿಂದ ನೋಡಿದೀನಿ."

"ಎಲ್ಲಿ, ತೋರಿಸು."

ಮಾವ ಬಾಚಣಿಗೆ ತೆಗೆದು ಕಂಬದ ಮೇಲೆ ಹಿಡಿದ. ನಾಲ್ಕು ಹಲ್ಲು, ಮೇಲೊಂದು ಕೂದಲೆಳೆಯಷ್ಟು. ಇವತ್ತಿನ ಅಳತೆ ತೋರಿಸಬಹುದು, ನಿನ್ನೆಯದನ್ನು ಹೇಗೆ ತೋರಿಸುವುದು? ಸೆಕ್ರೆಟರಿ ಪಕ್ಕದಲ್ಲಿ ಕೈಕಟ್ಟಿ ನಿಂತು, "ಅಳಿಸಿ ಹೋಯ್ತಂತೆ ಸಾರ್, ಅನುಕೂಲವಾಗಿ" ಅಂದರು.

ಇಂಜಿನಿಯರ್ ನಗಲಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಬಿರುಕು ಅಲುಗಿದರೆ ಇದು ಒಡೆಯುತ್ತೆ, ಒಡೆದರೆ ತಕ್ಷಣ ತಿಳಿಸಿ, ಒಡೆಯದಿದ್ದರೆ ಮೂರು ತಿಂಗಳಿಗೆ ಬಂದು ನೋಡುತ್ತೇನೆ ಅಂದು, ತಮ್ಮ ನಂಬರು ಬರೆದುಕೊಟ್ಟು ಹೋದರು. ಮಾವ ಶನಿವಾರ ಹತ್ತು ಸಲ ಇಳಿದು ನೋಡಿದ. ಗಾಜು ಒಡೆದಿರಲಿಲ್ಲ. ಅದು ಒಡೆಯದೆ ಇದ್ದದ್ದಕ್ಕೇ ಅವನಿಗೆ ಇನ್ನಷ್ಟು ದಿಗಿಲಾಯಿತು. ಮೇಲೆ ಟೀಚರಮ್ಮನ ಬಾಗಿಲು ಅದೇ ಬೆಳಗ್ಗೆ ಪೂರಾ ಕಚ್ಚಿಕೊಂಡು, ಅವರು ಒಳಗಿನಿಂದ ಕೂಗಿ, ಮಾವನೇ ಹೋಗಿ ಭುಜ ಕೊಟ್ಟು ತೆರೆದಿದ್ದ. ಈ ಕಂಬ ಅಲುಗಿಲ್ಲ ಅಂದರೆ ಅಲ್ಲಿ ಬಾಗಿಲನ್ನು ಹಿಡಿದದ್ದು ಯಾವುದು?

ಭಾನುವಾರ ಬೆಳಗ್ಗೆ ಮಗಳು ಬಾಯಿ ಬಿಟ್ಟಳು. ಹಿಂದಿನ ದಿನ ಮೊದಲ ಮಹಡಿಯ ಹೆಂಗಸು ದೂರು ಬರೆಸಲು ಬಂದಿದ್ದಳು, ಅವಳ ಫೋನಿನ ಮುಖದ ಮೇಲೆ ಅವಳ ಮಗ ಹೊಸ ಸೈಕಲ್ಲಿನ ಮೇಲೆ ಕೂತ ಫೋಟೋ. "ಅಪ್ಪಾ, ಹುಡುಗನ ಹಿಂದೆ ಕಂಬ ಇದೆ. ಹೊಸ ಗಾಡಿ ತಂದವರೆಲ್ಲ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿರ್ತಾರೆ. ನಿನ್ನವು ಹೋದರೇನು, ಅವರವು ಇರ್ತಾವಲ್ಲ."

ಅಪ್ಪ ಮಗಳು ಮನೆ ಮನೆಯ ಗಂಟೆ ಒತ್ತಿದರು. "ಹಳೇ ಫೋಟೋ ಇದ್ದರೆ ಕೊಡಿ."

"ಏನ್ ಮಾವ, ನಿಮ್ಮದು ಸಾಲದೆ ನಮ್ಮದಕ್ಕೂ ಬಂದ್ರಾ?"

"ಅಯ್ಯೋ, ಹೋದ ತಿಂಗಳೇ ಎಲ್ಲ ಅಳಿಸಿದೆ. ಫೋನು ಕಲ್ಲಾಗಿಬಿಟ್ಟಿತ್ತು."

"ಆ ಕಾರಿನ ಫೋಟೋನಾ? ಕಾರೂ ಮಾರಿದೆ, ಫೋಟೋನೂ ತೆಗೆದೆ."

ಎಲ್ಲರ ಮನೆಯಲ್ಲೂ ಅದೇ ಕತೆ. ಜಾಗ ಸಾಲದು ಅಂತ ಎಲ್ಲರೂ ಅಳಿಸಿದ್ದರು. ಇಪ್ಪತ್ತು ಮನೆಯಿಂದ ಒಂಬತ್ತು ಫೋಟೋ ಸಿಕ್ಕವು. ಮಗಳು ಅವನ್ನು ತಾರೀಖಿನ ಪ್ರಕಾರ ಜೋಡಿಸಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು. ಮಾವ ನಾಲ್ಕನೇ ಕಂಬ ಹುಡುಕಿದ. ಎರಡರಲ್ಲಿ ಇತ್ತು, ದೂರದಲ್ಲಿ, ಬಿರುಕು ಕಾಣದು. ಅವನು ಕಣ್ಣುಜ್ಜಿಕೊಂಡು ಕುರ್ಚಿಗೆ ಒರಗಿದ.

"ಅಪ್ಪಾ" ಅಂದಳು ಮಗಳು, "ಇದು ಐದನೇದಲ್ವಾ?"

ಸೈಕಲ್ಲಿನ ಹುಡುಗನ ಹಿಂದೆ ಇದ್ದದ್ದು ಐದನೇ ಕಂಬ. ಮೂರು ವರ್ಷದ ಹಿಂದಿನ ಫೋಟೋ. ಕಂಬದ ಬುಡದಿಂದ ಹುಡುಗನ ಭುಜದವರೆಗೆ ಒಂದು ಓರೆ ಗೆರೆ ಹೋಗಿತ್ತು. ನಾಲ್ಕನೇ ಕಂಬದ್ದು ಹುಟ್ಟುವ ಮೊದಲೇ ಇದು ಅಷ್ಟುದ್ದ ಬೆಳೆದಿತ್ತು. ಮುಂದಿನ ಫೋಟೋದಲ್ಲಿ ಐದನೇ ಕಂಬವೇ ಇಲ್ಲ. ಅದರ ಎದುರಿಗೆ ಯಾರೋ ಬೇಡವಾದ ದೊಡ್ಡ ಕಬ್ಬಿಣದ ಬೀರು ತಂದು ಇಟ್ಟಿದ್ದರು. ಅದು ಬಂದ ದಿನ ಮಾವ ಬೀರುವಿನ ಫೋಟೋ ತೆಗೆದಿದ್ದ, ಬಾಗಿಲ ಮೇಲಿನ ಗೀರು ನಾಳೆ ತನ್ನ ಮೇಲೆ ಬರಬಾರದು ಅಂತ. ಅದರ ಹಿಂದೆ ಏನಿದೆ ಅಂತ ನೋಡಿರಲಿಲ್ಲ. ಎರಡೂವರೆ ವರ್ಷ, ಪ್ರತಿ ಸೋಮವಾರ, ಬೀರುವಿನ ಕಡೆಗೆ ಬೆನ್ನು ಹಾಕಿ ನಿಂತು ನಾಲ್ಕನೇ ಕಂಬವನ್ನು ಅಳೆದಿದ್ದ.

ಕಡೆಯ ಫೋಟೋ ಒಂದು ಸ್ಕೂಟರಿನದು, ಎಂಟು ತಿಂಗಳ ಹಿಂದಿನದು. ಅದರ ಮೂಲೆಯಲ್ಲಿ ಬೀರು ಪಕ್ಕದಿಂದ ಕಾಣುತ್ತಿತ್ತು. ಬೀರುವಿಗೂ ಕಂಬಕ್ಕೂ ನಡುವೆ ಒಂದು ಗೇಣು ಸಂದು, ಆ ಸಂದಿನಲ್ಲಿ ಯಾರೋ ಉದ್ದ ಹಿಡಿಯ ಪೊರಕೆ ನಿಲ್ಲಿಸಿದ್ದರು.

ಇಬ್ಬರೂ ಇಳಿದು ಹೋದರು. ಮಾವ ಬೀರುವಿನ ಬದಿಗೆ ಹೋಗಿ ಟಾರ್ಚು ಬಿಟ್ಟ. ಪೊರಕೆ ಅಲ್ಲೇ ಇತ್ತು. ಹಿಡಿದು ಎಳೆದ. ಬರಲಿಲ್ಲ. ಗೇಣು ಸಂದು ಇದ್ದಲ್ಲಿ ಈಗ ಪೊರಕೆಯ ಕೋಲಿನಷ್ಟೇ ಸಂದು ಉಳಿದಿತ್ತು. ಕಂಬದ ಹೊಟ್ಟೆ ಉಬ್ಬಿ, ಗಾರೆ ಸೀಳಿ, ಒಳಗಿನ ತುಕ್ಕು ಹಿಡಿದ ಕಂಬಿಗಳು ಹೊರಗೆ ಬಾಗಿ ಬೀರುವಿನ ಬೆನ್ನನ್ನು ಒತ್ತುತ್ತಿದ್ದವು. ಬೀರುವಿನ ತಗಡು ಒಳಕ್ಕೆ ತಗ್ಗಿತ್ತು. ನೆಲದ ಮೇಲೆ ಗಾರೆಯ ಪುಡಿ, ಹೊಸದು.

ಮಗಳು ಫೋಟೋ ತೆಗೆದು, ಸ್ಕೂಟರಿನ ಫೋಟೋ ಜೊತೆಗೆ ಇಂಜಿನಿಯರಿಗೆ ಕಳಿಸಿದಳು. ಎರಡು ನಿಮಿಷವೂ ಆಗಲಿಲ್ಲ, ಅವರೇ ಫೋನು ಮಾಡಿದರು, ಮಾವ ತೆಗೆದುಕೊಂಡ.

"ಬೀರು ಮುಟ್ಟಿದಿರಾ?"

"ಇಲ್ಲ ಸಾರ್. ಪೊರಕೆ ಒಂದು ಎಳೆದೆ, ಬರಲಿಲ್ಲ."

"ಬಿಟ್ಟುಬಿಡಿ. ಆ ಬೀರುವೇ ಈಗ ಅದನ್ನ ತಡೆದು ನಿಲ್ಲಿಸಿದ್ದರೂ ನಿಲ್ಲಿಸಿರಬಹುದು. ಎಲ್ಲರನ್ನೂ ಇಳಿಸಿ. ಲಿಫ್ಟು ಬೇಡ. ಸಾಮಾನು ಬೇಡ. ನಾನು ಹೊರಟೆ."

ಮಧ್ಯಾಹ್ನದ ಊಟದ ಹೊತ್ತು. ಮಾವ ಮೇಲಿನಿಂದ ಕೆಳಕ್ಕೆ, ಮಗಳು ಕೆಳಗಿನಿಂದ ಮೇಲಕ್ಕೆ ಬಾಗಿಲು ಬಡಿದರು. ಜನ ಮೊದಲು ಗೊಣಗಿದರು. ಮಗಳು ಎರಡು ಫೋಟೋ ಪಕ್ಕಪಕ್ಕ ತೋರಿಸಿದಳು, ಪೊರಕೆಯ ಸಂದು ಆವತ್ತು ಎಷ್ಟಿತ್ತು, ಇವತ್ತು ಎಷ್ಟಿದೆ. ನೋಡಿದವರು ಮಕ್ಕಳನ್ನು ಎತ್ತಿಕೊಂಡರು. ಮಾವನ ಹೆಂಡತಿ ಗೇಟಿನಲ್ಲಿ ನಿಂತು ಮನೆ ಲೆಕ್ಕ ಹಿಡಿದಳು. ಹತ್ತೊಂಬತ್ತು ಮನೆಯವರು ರಸ್ತೆ ದಾಟಿ ಎದುರಿನ ಗೋಡೆಗೆ ಒರಗಿದರು.

ಇಳಿಯದೆ ಉಳಿದವರು ಸೆಕ್ರೆಟರಿ ಒಬ್ಬರೇ. ನಾಲ್ಕನೇ ಮಹಡಿಯ ಕಿಟಕಿಯಿಂದ ಬಗ್ಗಿ, "ಮೂರು ತಿಂಗಳು ಬಿಟ್ಟು ನೋಡೋಣ ಅಂದಿದಾರೆ ಇಂಜಿನಿಯರೇ. ಗಾಜು ಒಡೆದಿಲ್ಲ. ಜನರನ್ನ ಯಾಕಯ್ಯಾ ಬೀದಿಗೆ ತರ್ತೀಯ?" ಅಂದರು.

"ನಾನು ನೋಡ್ತಿದ್ದದ್ದು ತಪ್ಪು ಕಂಬ ಸಾರ್" ಅಂತ ಮಾವ ಕೆಳಗಿನಿಂದ ಹೇಳಿದ. "ಗಾಜು ಹಾಕಿದ್ದೂ ತಪ್ಪು ಕಂಬಕ್ಕೇ."

"ಹೋಗಯ್ಯಾ." ಕಿಟಕಿ ಮುಚ್ಚಿತು.

ಮಾವ ಗೇಟಿನ ಕಡೆ ತಿರುಗಿದ. ಮಗಳು ತೋಳು ಹಿಡಿದಳು. "ಬೇಡಪ್ಪ. ಹೇಳಿದ್ದೀವಿ. ಅವರಿಗೂ ಕಿವಿ ಇದೆ."

"ಕೇಳಿಸಿಕೊಂಡದ್ದು ಬೇರೆ ಆಗಿರುತ್ತೆ ಮಗಳೇ. ಮೇಲೆ ಹೋಗಿ ಕಣ್ಣಿಗೆ ತೋರಿಸಿ ಬರ್ತೀನಿ." ಅವಳ ಕೈಯಿಂದ ಫೋನು ತೆಗೆದುಕೊಂಡ.

ಮಾವ ಮೆಟ್ಟಿಲು ಹತ್ತಿದ, ಮಲಗಿದವರನ್ನು ಎಬ್ಬಿಸಬಾರದು ಅನ್ನುವವನ ಹಾಗೆ, ಪಾದದ ತುದಿಯಲ್ಲಿ. ಎರಡನೇ ಮಹಡಿಯಲ್ಲಿ ಟೀಚರಮ್ಮನ ಬಾಗಿಲು ತೆರೆದಿತ್ತು, ಚೌಕಟ್ಟು ಓರೆಯಾಗಿ ನಿಂತಿತ್ತು. ನಾಲ್ಕನೇ ಮಹಡಿಯಲ್ಲಿ ಗಂಟೆ ಒತ್ತಲಿಲ್ಲ, ಮೆಲ್ಲಗೆ ತಟ್ಟಿದ. ಸೆಕ್ರೆಟರಿ ಬಾಗಿಲು ತೆಗೆದು ಬಯ್ಯಲು ಬಾಯಿ ತೆರೆದರು. ಮಾವ ಫೋನು ಎದುರಿಗೆ ಹಿಡಿದ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಒಂದು ಫೋಟೋ ನೋಡಿದರು, ಇನ್ನೊಂದು ನೋಡಿದರು, ಮತ್ತೆ ಮೊದಲನೆಯದಕ್ಕೆ ಹೋದರು.

"ಇದು ಇವತ್ತಿಂದಾ?"

"ಅರ್ಧ ಗಂಟೆ ಮುಂಚೆ ತೆಗೆದದ್ದು."

ಸೆಕ್ರೆಟರಿ ಒಳಗೆ ತಿರುಗಿ ನೋಡಿದರು. ಊಟದ ತಟ್ಟೆ ಮೇಜಿನ ಮೇಲೇ ಇತ್ತು. ಚಪ್ಪಲಿಗೂ ಕಾಯದೆ ಬರಿಗಾಲಲ್ಲಿ ಮಾವನ ಹಿಂದೆ ಹೊರಟರು. ಇಬ್ಬರೂ ಇಳಿದರು. ಮೊದಲ ಮಹಡಿಯ ತಿರುವಿನಲ್ಲಿ ಕೆಳಗಿನಿಂದ ಒಂದು ಸದ್ದು ಬಂತು, ತಗಡು ನಿಧಾನವಾಗಿ ಮಡಿಚಿಕೊಳ್ಳುವಂಥ ಸದ್ದು. ಸೆಕ್ರೆಟರಿ ಮಾವನ ಅಂಗಿ ಹಿಡಿದುಕೊಂಡರು. ಗೇಟು ದಾಟಿ ರಸ್ತೆಯ ಆ ಬದಿಗೆ ಬಂದ ಮೇಲೂ ಬಿಡಲಿಲ್ಲ.

ಮಾವನ ಹೆಂಡತಿ ಬೆರಳು ಮಡಿಚಿ, "ಇಪ್ಪತ್ತು" ಅಂದಳು.

ಕಟ್ಟಡ ನಿಂತೇ ಇತ್ತು. ಯಾರದೋ ಬಾಲ್ಕನಿಯಲ್ಲಿ ಒಗೆದು ಹಾಕಿದ ಬಟ್ಟೆ ಆಡುತ್ತಿತ್ತು. ಮೊದಲ ಮಹಡಿಯ ಹುಡುಗ, "ಬೀಳೋದೇ ಇಲ್ಲವಲ್ಲಮ್ಮ, ಊಟಕ್ಕೆ ಹೋಗೋಣ" ಅಂದ. ತಾಯಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಎದುರಿಗೆ ನೆಲಮಾಳಿಗೆಯ ಗಾಳಿಕಿಂಡಿಯಿಂದ ಬಿಳೀ ಪುಡಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರುತ್ತಿತ್ತು, ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ. ಇಪ್ಪತ್ತು ಮನೆಯ ಜನ ಅದನ್ನು ನೋಡುತ್ತ, ದನಿ ತಗ್ಗಿಸಿ, ಇಂಜಿನಿಯರ್ ಬರುವ ದಾರಿ ಕಾಯುತ್ತ ನಿಂತರು.